ದೊಡ್ಡವರ ಪಥ್ಯ, ನಮ್ಮ ತಟ್ಟೆ

ಅನ್ನ ಬೇಡ. ಹಾಲು ಬೇಡ. ಸಂಜೆ ಆರರ ಮೇಲೆ ಏನೂ ಬೇಡ.

ಇಂಥ ಮಾತು ನೀವೂ ಕೇಳಿರಬೇಕು. ಟೀವಿಯಲ್ಲಿ ಸಿನಿಮಾದವರು ಹೇಳುತ್ತಾರೆ. ಮೊಬೈಲಿನಲ್ಲಿ ಯಾರೋ ಕಳಿಸುತ್ತಾರೆ. “ನಾನು ಹೀಗೆ ತಿಂದೆ, ತೂಕ ಇಳೀತು” ಅಂತಾರೆ. ಹೇಳಿದವರು ಹೆಸರಾದವರು. ಅದಕ್ಕೇ ನಮಗೆ ನಂಬಿಕೆ ಬೇಗ ಬರುತ್ತದೆ.

ಇಂಥ ಕಟ್ಟುನಿಟ್ಟಿನ ಪಥ್ಯದಿಂದ ನಿಜವಾಗಿ ಒಳ್ಳೆಯದಾಗುತ್ತದಾ? ಬನ್ನಿ, ವಿಚಾರ ಮಾಡೋಣ.

ಅವರ ದಿನ ಬೇರೆ, ನಮ್ಮ ದಿನ ಬೇರೆ

ಸಿನಿಮಾದವರಿಗೆ ಮೈಕಟ್ಟೇ ಬಂಡವಾಳ. ಅಡುಗೆಗೆ ಆಳು ಇರುತ್ತಾರೆ. ವ್ಯಾಯಾಮ ಹೇಳಿಕೊಡುವವರು ಇರುತ್ತಾರೆ. ಸುಸ್ತಾದರೆ ನೋಡಲು ಡಾಕ್ಟರು ಇರುತ್ತಾರೆ. ಒಂದು ಪಾತ್ರಕ್ಕೆಂದು ಕೆಲವು ತಿಂಗಳು ತೂಕ ಇಳಿಸಬಹುದು. ಸಿನಿಮಾ ಮುಗಿದರೆ ಪಥ್ಯವೂ ಮುಗಿಯಬಹುದು.

ಈಗ ಕಟ್ಟೆಮಳಲವಾಡಿ ಕಡೆಗೆ ಬನ್ನಿ. ಲಕ್ಷ್ಮಣತೀರ್ಥ ಹೊಳೆಯ ಅಣೆಕಟ್ಟೆ ನೀರಿನಲ್ಲಿ ಭತ್ತದ ನಾಟಿ. ಹೊಲದಲ್ಲಿ ರಾಗಿ ಕಳೆ. ಹೊಗೆಸೊಪ್ಪಿನ ಕಾಲ ಬಂದರೆ ಸೊಪ್ಪು ಮುರಿಯಬೇಕು, ಕಟ್ಟಬೇಕು, ಬ್ಯಾರನ್‌ಗೆ ಬೆಂಕಿ ಹಾಕಬೇಕು. ಇಷ್ಟು ದುಡಿಯುವ ಮೈಗೆ ಅರೆಹೊಟ್ಟೆ ಪಥ್ಯ ಸಾಕಾ?

ಇನ್ನೊಂದು ಸಂಗತಿ ಇದೆ. ಕಡಿಮೆ ತಿಂದರೆ ಮೊದಲ ವಾರ ತೂಕ ಸರ್ರನೆ ಇಳಿಯುತ್ತದೆ. ಅದೆಲ್ಲ ಕೊಬ್ಬು ಅಲ್ಲ. ಮೈ ಕೂಡಿಟ್ಟುಕೊಂಡ ಪಿಷ್ಟ ಮೊದಲು ಖರ್ಚಾಗುತ್ತದೆ. ಅದರ ಜೊತೆಗಿದ್ದ ನೀರೂ ಹೋಗುತ್ತದೆ. ಆಮೇಲೂ ಅರೆಹೊಟ್ಟೆ ಇದ್ದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. ಪಥ್ಯ ಬಿಟ್ಟರೆ ಇಳಿದ ತೂಕ ಸಾಮಾನ್ಯವಾಗಿ ಮತ್ತೆ ಏರುತ್ತದೆ.

ನಮ್ಮ ರಾಜ್ಯದ ಹೆಂಗಸರ ಸ್ಥಿತಿ ನೋಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕ ಇದು. 15ರಿಂದ 49 ವರ್ಷದ 100 ಹೆಂಗಸರಲ್ಲಿ ಸುಮಾರು 48 ಮಂದಿಗೆ ರಕ್ತಹೀನತೆ. ರಕ್ತ ಕಡಿಮೆ ಇರುವ ಹೆಣ್ಣುಮಗಳು ಯಾರದೋ ಮಾತು ಕೇಳಿ ಊಟ ಬಿಟ್ಟರೆ ಏನಾಗುತ್ತದೆ? ಯೋಚಿಸಿ.

ಮೈಸೂರಿನ ಒಂದು ಉದಾಹರಣೆ

ಪಥ್ಯ ಹೇಳುವವರು ಸಿನಿಮಾದವರು ಮಾತ್ರ ಅಲ್ಲ. ನಮ್ಮ ಮೈಸೂರಿನ ಡಾ. ಖಾದರ್ ವಲಿ ಅವರ ಹೆಸರು ಕೇಳಿದ್ದೀರಲ್ವಾ? ಸಿರಿಧಾನ್ಯದ ಪ್ರಚಾರದಿಂದ ಹೆಸರಾದವರು. 2023ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅದೇ ವರ್ಷವನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಎಂದು ಕರೆದಿತ್ತು.

ನವಣೆ, ಸಾಮೆ, ಹಾರಕ, ಊದಲು, ಕೊರಲೆ ತಿನ್ನಿ ಅಂತಾರೆ ಅವರು. ಒಂದೊಂದನ್ನು ಎರಡೆರಡು ದಿನ ತಿನ್ನಬೇಕು. ಅಕ್ಕಿ, ಗೋಧಿ ಬೇಡ. ಹಾಲೂ ಬೇಡ. ರಾಗಿಯನ್ನು ಅವರು ನಡುತರದ ಧಾನ್ಯ ಅಂತಾರೆ.

ಇದರಲ್ಲಿ ಒಳ್ಳೆಯ ಮಾತು ಇದೆ. ಸಿರಿಧಾನ್ಯದಲ್ಲಿ ನಾರಿನ ಅಂಶ ಪಾಲಿಶ್ ಅಕ್ಕಿಗಿಂತ ಹೆಚ್ಚು. ಮರೆತುಹೋದ ಬೆಳೆ ಮತ್ತೆ ತಟ್ಟೆಗೆ ಬಂದರೆ ಒಳ್ಳೆಯದೇ.

ಆದರೆ ಅಂಗಡಿಯಲ್ಲಿ ಸಿರಿಧಾನ್ಯದ ಬೆಲೆ ಜಾಸ್ತಿ. ನ್ಯಾಯಬೆಲೆ ಅಂಗಡಿಯ ಅಕ್ಕಿ ಬಿಟ್ಟು, ಸಾಲ ಮಾಡಿ ನವಣೆ ತರಬೇಕಾ? ಬೇಕಾಗಿಲ್ಲ. ಸಿರಿಧಾನ್ಯದಲ್ಲೂ ಪಿಷ್ಟ ಇದೆ. ಸಕ್ಕರೆ ಕಾಯಿಲೆ ಇರುವವರು ಅದನ್ನು ನೆಚ್ಚಿ ಮಾತ್ರೆ, ಇನ್ಸುಲಿನ್ ಬಿಡಬಾರದು. ಡಾಕ್ಟರನ್ನು ಕೇಳಿಯೇ ಬದಲಾಯಿಸಬೇಕು.

ಇನ್ನು ನಮ್ಮ ರಾಗಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶ ಇದೆ. ಅಷ್ಟೇ ಪಾಲಿಶ್ ಅಕ್ಕಿಯಲ್ಲಿ 10 ಮಿಲಿಗ್ರಾಂ ಆಸುಪಾಸು ಮಾತ್ರ. ಮೂಳೆ, ಹಲ್ಲು ಗಟ್ಟಿಯಾಗಲು ಸುಣ್ಣದ ಅಂಶ ಬೇಕು. ದೊಡ್ಡವರಿಗೆ ದಿನಕ್ಕೆ 1000 ಮಿಲಿಗ್ರಾಂ ಬೇಕು. ಹಾಲು ಬಿಡು ಅನ್ನುವವರ ಮಾತು ಕೇಳುವ ಮುಂಚೆ ಈ ಲೆಕ್ಕ ನೆನಪಿರಲಿ.

ತಟ್ಟೆಯಲ್ಲಿ ಏನಿರಬೇಕು?

ಹೈದರಾಬಾದಿನಲ್ಲಿ ರಾಷ್ಟ್ರೀಯ ಪೌಷ್ಟಿಕ ಆಹಾರ ಸಂಸ್ಥೆ ಇದೆ. ಅದು 2024ರಲ್ಲಿ ಒಂದು ತಟ್ಟೆಯ ಲೆಕ್ಕ ಕೊಟ್ಟಿತು. ಒಬ್ಬರಿಗೆ, ಒಂದು ದಿನಕ್ಕೆ, ಬೇಯಿಸುವ ಮುಂಚಿನ ತೂಕ ಇದು:

ರಾಗಿ, ಅಕ್ಕಿ, ಇತರ ಧಾನ್ಯ – 250 ಗ್ರಾಂ
ಬೇಳೆ, ಕಾಳು ಅಥವಾ ಮೊಟ್ಟೆ, ಮಾಂಸ – 85 ಗ್ರಾಂ
ಸೊಪ್ಪು, ತರಕಾರಿ – 400 ಗ್ರಾಂ
ಹಣ್ಣು – 100 ಗ್ರಾಂ
ಹಾಲು, ಮೊಸರು – 300 ಮಿಲಿಲೀಟರ್
ಕಡಲೆಕಾಯಿ ಬೀಜ, ಎಳ್ಳು ಮುಂತಾದವು – 35 ಗ್ರಾಂ
ಎಣ್ಣೆ, ತುಪ್ಪ – 27 ಗ್ರಾಂ

ಹೊಲದಲ್ಲಿ ಮೈಮುರಿದು ದುಡಿಯುವವರಿಗೆ ಇದಕ್ಕಿಂತ ಹೆಚ್ಚು ಬೇಕು.

ಈ ಪಟ್ಟಿಯಲ್ಲಿ ಮುದ್ದೆ ಇದೆ. ಅನ್ನವೂ ಇದೆ. ಯಾವುದನ್ನೂ ಪೂರ್ತಿ ಬಿಡು ಎಂದಿಲ್ಲ. ಹಾಗಾದರೆ ನಮ್ಮ ಕೊರತೆ ಎಲ್ಲಿದೆ? ಮುದ್ದೆಯ ಪಕ್ಕದಲ್ಲಿ ಇದೆ. ಧಾನ್ಯ ಹೊಟ್ಟೆ ತುಂಬಾ ತಿನ್ನುತ್ತೇವೆ. ಕಾಳು, ಸೊಪ್ಪು ಕಡಿಮೆ ಬೀಳುತ್ತದೆ. ಹಾಲು ಡೇರಿಗೆ ಹೋಗುತ್ತದೆ. ಮೊಟ್ಟೆ ಸಂತೆಗೆ ಹೋಗುತ್ತದೆ.

ಮನೆಯಾಕೆ ಕೊನೆಗೆ ಉಂಡರೆ ಅವಳಿಗೆ ಉಳಿಯುವುದೇನು? ಮುದ್ದೆ ಮತ್ತು ತಿಳಿಸಾರು. ಕಾಳೆಲ್ಲ ಬೇರೆಯವರ ತಟ್ಟೆ ಸೇರಿರುತ್ತದೆ.

ಇದನ್ನು ಸರಿ ಮಾಡಲು ದೊಡ್ಡ ಖರ್ಚು ಬೇಡ.

ಬಸ್ಸಾರಿಗೆ ಒಂದು ಹಿಡಿ ಕಾಳು ಹೆಚ್ಚು ಹಾಕಿ. ಹುರುಳಿ, ಅಲಸಂದೆ, ಅವರೆ ಯಾವುದಾದರೂ ಸರಿ.
ಹಿತ್ತಲಲ್ಲಿ ಒಂದು ನುಗ್ಗೆ ಗಿಡ, ಒಂದು ಪಪ್ಪಾಯಿ ಗಿಡ ನೆಡಿ.
ಊಟದಲ್ಲಿ ನಿಂಬೆಹಣ್ಣು ಹಿಂಡಿಕೊಳ್ಳಿ. ಸೊಪ್ಪು, ಕಾಳಿನ ಕಬ್ಬಿಣದ ಅಂಶ ಮೈಗೆ ಹತ್ತುತ್ತದೆ.
ಊಟದ ಜೊತೆ ಟೀ, ಕಾಫಿ ಕುಡಿಯಬೇಡಿ. ಅದು ಕಬ್ಬಿಣದ ಅಂಶ ಮೈಗೆ ಹತ್ತಲು ಬಿಡುವುದಿಲ್ಲ.
ಉಪ್ಪು ಒಬ್ಬರಿಗೆ ದಿನಕ್ಕೆ ಒಂದು ಟೀ ಚಮಚ ಮೀರದಿರಲಿ.
ಎಲ್ಲರೂ ಒಟ್ಟಿಗೆ ಕೂತು ಉಣ್ಣಿ. ಸಾರಿನ ಕಾಳನ್ನು ಸಮನಾಗಿ ಬಡಿಸಿ.

ತೂಕ ಇಳಿಸಬೇಕಾದವರೂ ಇದ್ದಾರೆ. ಬಿ.ಪಿ., ಸಕ್ಕರೆ ಕಾಯಿಲೆ ಈಗ ಹಳ್ಳಿಗೂ ಬಂದಿವೆ. ಅಂಥವರು ಬೋಂಡ, ಬಿಸ್ಕತ್ತು, ಸಕ್ಕರೆ ಕಡಿಮೆ ಮಾಡಲಿ. ವಾರಕ್ಕೆ ಅರ್ಧ ಕೆ.ಜಿ. ಇಳಿದರೆ ಸಾಕು. ಬಸುರಿ, ಬಾಣಂತಿ, ಮಕ್ಕಳು ಮಾತ್ರ ತಾವಾಗಿಯೇ ಪಥ್ಯ ಮಾಡಬಾರದು.

ಕೇಳಿ, ಆಮೇಲೆ ನಂಬಿ

ಯಾರೇ ಪಥ್ಯ ಹೇಳಲಿ, ಈ ನಾಲ್ಕು ಪ್ರಶ್ನೆ ಹಾಕಿ.

1. ಇದನ್ನು ವರ್ಷವಿಡೀ ತಿನ್ನಲು ಆಗುತ್ತದಾ?
2. ಇದು ನಮ್ಮ ಹೊಲದಲ್ಲಿ, ಸಂತೆಯಲ್ಲಿ ಸಿಗುತ್ತದಾ?
3. ಬಿಡು ಅಂದದ್ದರ ಬದಲು ಏನು ತಿನ್ನಬೇಕು ಎಂದು ಹೇಳಿದ್ದಾರಾ?
4. ಹೇಳಿದವರು ಏನನ್ನಾದರೂ ಮಾರುತ್ತಿದ್ದಾರಾ?

ಇದಕ್ಕೆ ಸರಿ ಉತ್ತರ ಸಿಗದಿದ್ದರೆ ಆ ಪಥ್ಯ ನಮಗಲ್ಲ. ಆಶಾ ಕಾರ್ಯಕರ್ತೆಯನ್ನು ಕೇಳಿ. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿ. ನಮ್ಮ ಮೈಗೆ ಏನು ಬೇಕು ಎಂದು ಮೊದಲು ತಿಳಿಯೋಣ.

ಕೂಡಿ ಮಾತಾಡಿ

ನಿನ್ನೆ ನಿಮ್ಮ ಮನೆಯ ಸಾರಿಗೆ ಎಷ್ಟು ಹಿಡಿ ಕಾಳು ಹಾಕಿದಿರಿ?
ನಿಮ್ಮ ಮನೆಯಲ್ಲಿ ಕೊನೆಗೆ ಊಟ ಮಾಡುವವರು ಯಾರು? ಅವರ ತಟ್ಟೆಯಲ್ಲಿ ಏನಿತ್ತು?
ನಿಮ್ಮ ಹಿತ್ತಲಲ್ಲಿ ಯಾವ ಸೊಪ್ಪು ಬೆಳೆಯಬಹುದು? ಐದು ಹೆಸರು ಬರೆಯಿರಿ.