ತಪಸ್ಸುಕಾಲದ ನಲವತ್ತು ದಿನಗಳು: ಮನೆಯ ಆಚರಣೆ ಮತ್ತು ತರಗತಿಯ ಶಿಕ್ಷಕರು

ಕ್ರಿಸ್ಮಸ್ ಹಬ್ಬವನ್ನು ನಮ್ಮ ಪ್ರಶಿಕ್ಷಣಾರ್ಥಿ ಮಿತ್ರರೆಲ್ಲರೂ ಬಲ್ಲರು. ನಕ್ಷತ್ರದೀಪ, ಗೋದಲಿ, ಕೇಕು, ಇವೆಲ್ಲ ಕಣ್ಣಿಗೆ ಕಾಣುತ್ತವೆ. ಆದರೆ ಕ್ಯಾಥೊಲಿಕ್ ಕ್ರೈಸ್ತರ ವರ್ಷದಲ್ಲಿ ಇದಕ್ಕಿಂತ ದೀರ್ಘವಾದ, ಮನೆಯ ದಿನಚರಿಯನ್ನೇ ಬದಲಿಸುವ ಇನ್ನೊಂದು ಅವಧಿಯಿದೆ. ಅದೇ ತಪಸ್ಸುಕಾಲ. ಇದಕ್ಕೆ ತೋರಣವಿಲ್ಲ, ಸಿಹಿತಿಂಡಿಯಿಲ್ಲ. ಆದ್ದರಿಂದ ತರಗತಿಯಲ್ಲಿ ಇದು ಯಾರ ಗಮನಕ್ಕೂ ಬಾರದೆ ಹೋಗುತ್ತದೆ. ನಮ್ಮ ಅಭ್ಯಾಸ ಬೋಧನೆಯ ದಿನಗಳು ಹೆಚ್ಚಾಗಿ ಈ ಅವಧಿಯಲ್ಲೇ ಬರುವುದರಿಂದ ಇದರ ಪರಿಚಯ ಶಿಕ್ಷಕರಾಗುವವರಿಗೆ ಬೇಕು ಎಂದು ನನಗೆ ಅನಿಸಿದೆ. ಕರಾವಳಿಯ ಕ್ಯಾಥೊಲಿಕ್ ಮನೆಯೊಂದರಲ್ಲಿ ಬೆಳೆದ ನಾನು ಮುಖ್ಯವಾಗಿ ನಮ್ಮ ಭಾಗದ ರೂಢಿಯನ್ನು ಇಲ್ಲಿ ವಿವರಿಸುತ್ತೇನೆ.

ಕಾಲದ ಲೆಕ್ಕ

ಕನ್ನಡದಲ್ಲಿ ತಪಸ್ಸುಕಾಲ ಎನ್ನುವುದನ್ನು ಮಂಗಳೂರಿನ ಕೊಂಕಣಿಯಲ್ಲಿ ‘ಕರೆಜ್ಮ್’ ಎನ್ನುತ್ತಾರೆ. ಇದು ನಲವತ್ತರ ಅರ್ಥವಿರುವ ಪೋರ್ಚುಗೀಸ್ ಪದದಿಂದ ಬಂದದ್ದು. ಯೇಸು ಮರುಭೂಮಿಯಲ್ಲಿ ನಲವತ್ತು ದಿನ ಉಪವಾಸವಿದ್ದುದರ ನೆನಪು ಈ ಸಂಖ್ಯೆಯ ಹಿಂದಿದೆ.

ಬೂದಿ ಬುಧವಾರದಿಂದ ಈಸ್ಟರ್ ಹಬ್ಬದ ಹಿಂದಿನ ಶನಿವಾರದವರೆಗೆ ಎಣಿಸಿದರೆ 46 ದಿನಗಳಾಗುತ್ತವೆ. ಭಾನುವಾರ ಪುನರುತ್ಥಾನದ ನೆನಪಿನ ದಿನವಾದ್ದರಿಂದ ಅದನ್ನು ಉಪವಾಸದ ದಿನವಾಗಿ ಎಣಿಸುವುದಿಲ್ಲ. ಆರು ಭಾನುವಾರಗಳನ್ನು ಕಳೆದರೆ ಉಳಿಯುವುದು ನಲವತ್ತು. 2026ರಲ್ಲಿ ಬೂದಿ ಬುಧವಾರ ಫೆಬ್ರವರಿ 18ರಂದು, ಈಸ್ಟರ್ ಏಪ್ರಿಲ್ 5ರಂದು.

ಈ ದಿನಾಂಕ ಪ್ರತಿವರ್ಷ ಬದಲಾಗುತ್ತದೆ. ನಮ್ಮ ಯುಗಾದಿಯಂತೆ ಇದಕ್ಕೂ ಚಂದ್ರನ ಲೆಕ್ಕವಿದೆ. ಮಾರ್ಚ್ 21ರಂದು ಅಥವಾ ಅದರ ನಂತರ, ಚರ್ಚಿನ ಗಣನೆಯ ಪ್ರಕಾರ ಬರುವ ಹುಣ್ಣಿಮೆಯ ನಂತರದ ಭಾನುವಾರವೇ ಈಸ್ಟರ್. ಹಾಗಾಗಿ ಬೂದಿ ಬುಧವಾರ ಫೆಬ್ರವರಿ 4ರಿಂದ ಮಾರ್ಚ್ 10ರ ಒಳಗೆ ಯಾವ ದಿನವಾದರೂ ಬರಬಹುದು.

ಬೆಳ್ತಂಗಡಿ, ಕೊಡಗು, ಮಲೆನಾಡಿನ ಕೆಲವು ಭಾಗಗಳಲ್ಲಿ ಕೇರಳ ಮೂಲದ ಸಿರೋ ಮಲಬಾರ್ ಕ್ಯಾಥೊಲಿಕ್ ಕುಟುಂಬಗಳಿವೆ. ಇವರ ತಪಸ್ಸುಕಾಲ ಬುಧವಾರಕ್ಕೆ ಎರಡು ದಿನ ಮೊದಲು, ಸೋಮವಾರವೇ ಆರಂಭವಾಗುತ್ತದೆ. ಅವರು ಇದನ್ನು ಐವತ್ತು ದಿನಗಳ ವ್ರತವೆಂದು ಕರೆಯುತ್ತಾರೆ. ಒಂದೇ ತರಗತಿಯಲ್ಲಿ ಒಂದು ಮಗು ಸೋಮವಾರ, ಮತ್ತೊಂದು ಮಗು ಬುಧವಾರ ಹಣೆಗೆ ಬೂದಿ ಹಚ್ಚಿಕೊಂಡು ಬಂದರೆ ಇಬ್ಬರಲ್ಲಿ ಯಾರೂ ತಪ್ಪಿಲ್ಲ.

ಹಣೆಯ ಬೂದಿ

ಹಿಂದಿನ ವರ್ಷದ ಗರಿಗಳ ಭಾನುವಾರದಂದು ಚರ್ಚಿನಲ್ಲಿ ಆಶೀರ್ವದಿಸಿ ಕೊಟ್ಟ ಗರಿಗಳನ್ನು ಮನೆಯವರು ಪೀಠದ ಮೇಲೆ ಅಥವಾ ಶಿಲುಬೆಯ ಹಿಂದೆ ಸಿಕ್ಕಿಸಿ ಇಟ್ಟಿರುತ್ತಾರೆ. ನಮ್ಮಲ್ಲಿ ಇವು ತೆಂಗಿನ ಗರಿಗಳು. ವರ್ಷವಿಡೀ ಅಲ್ಲೇ ಒಣಗಿದ ಇವನ್ನು ತಪಸ್ಸುಕಾಲಕ್ಕೆ ಮುಂಚೆ ಚರ್ಚಿಗೆ ಹಿಂತಿರುಗಿಸುತ್ತಾರೆ. ಅವುಗಳನ್ನು ಸುಟ್ಟು ಮಾಡಿದ ಬೂದಿಯನ್ನೇ ಧರ್ಮಗುರುಗಳು ಹಣೆಯ ಮೇಲೆ ಶಿಲುಬೆಯಾಕಾರದಲ್ಲಿ ಹಚ್ಚುತ್ತಾರೆ. ಮನುಷ್ಯ ಮಣ್ಣಿನಿಂದ ಬಂದವನು, ಮಣ್ಣಿಗೆ ಮರಳುವವನು ಎಂಬ ನೆನಪು ಅದು.

ಅಂದು ಓದುವ ಮತ್ತಾಯನ ಶುಭಸಂದೇಶದ ಆರನೇ ಅಧ್ಯಾಯದ ಭಾಗವು ದಾನ, ಪ್ರಾರ್ಥನೆ, ಉಪವಾಸ ಮೂರನ್ನೂ ಜನರ ಮೆಚ್ಚುಗೆಗಾಗಿ ಮಾಡಬಾರದೆಂದು ಹೇಳುತ್ತದೆ. ಉಪವಾಸ ಮಾಡುವವರು ಮುಖ ತೊಳೆದುಕೊಂಡು ಎಂದಿನಂತೆ ಇರಬೇಕು ಎಂಬುದೂ ಅದರಲ್ಲಿದೆ. ಆದ್ದರಿಂದ ಕೆಲವರು ಮನೆಗೆ ಬಂದೊಡನೆ ಬೂದಿಯನ್ನು ಒರೆಸಿಕೊಳ್ಳುತ್ತಾರೆ. ಇನ್ನು ಕೆಲವರು ಅದು ತಾನಾಗಿ ಅಳಿಯುವವರೆಗೆ ಇರಲಿ ಎನ್ನುತ್ತಾರೆ. ಎರಡೂ ರೂಢಿಯಲ್ಲಿದೆ. ಬೆಳಗಿನ ಪೂಜೆ ಮುಗಿಸಿ ನೇರವಾಗಿ ಶಾಲೆಗೆ ಬಂದ ಮಗುವಿಗೆ ‘ಮುಖ ತೊಳೆದು ಬಾ’ ಎಂದು ಹೇಳುವ ಅಧಿಕಾರ ಶಿಕ್ಷಕರಿಗಿಲ್ಲ. ಒರೆಸಿಕೊಂಡ ಮಗುವನ್ನು ‘ಏಕೆ ಒರೆಸಿದೆ?’ ಎಂದು ಪ್ರಶ್ನಿಸಬೇಕಾದ ಅಗತ್ಯವೂ ಇಲ್ಲ.

ಅಡುಗೆಮನೆಯಲ್ಲಿ ಆಗುವ ಬದಲಾವಣೆ

ಉಪವಾಸ ಮತ್ತು ಮಾಂಸವರ್ಜನೆ ಎರಡು ಬೇರೆ ನಿಯಮಗಳು. ಇವೆರಡನ್ನೂ ಒಂದೇ ಎಂದು ಭಾವಿಸುವುದೇ ಸಾಮಾನ್ಯ ಗೊಂದಲ. ಉಪವಾಸವೆಂದರೆ ದಿನಕ್ಕೆ ಒಂದೇ ಹೊಟ್ಟೆತುಂಬ ಊಟ. ಬೆಳಿಗ್ಗೆ ಮತ್ತು ರಾತ್ರಿ ಸ್ವಲ್ಪ ಆಹಾರ ತೆಗೆದುಕೊಳ್ಳಬಹುದು. ಕಡ್ಡಾಯ ಉಪವಾಸ ಎರಡೇ ದಿನ: ಬೂದಿ ಬುಧವಾರ ಮತ್ತು ಶುಭ ಶುಕ್ರವಾರ. ಮಾಂಸವರ್ಜನೆ ಈ ಎರಡು ದಿನಗಳ ಜತೆಗೆ ತಪಸ್ಸುಕಾಲದ ಎಲ್ಲ ಶುಕ್ರವಾರಗಳಿಗೂ ಅನ್ವಯಿಸುತ್ತದೆ. ಮೀನು, ಮೊಟ್ಟೆ, ಹಾಲು ಈ ನಿಷೇಧದಲ್ಲಿ ಸೇರಿಲ್ಲ.

1983ರ ಚರ್ಚ್ ಕಾನೂನು ಸಂಹಿತೆಯಲ್ಲಿ ವಯಸ್ಸಿನ ಮಿತಿಯೂ ಸ್ಪಷ್ಟವಾಗಿದೆ. ಮಾಂಸವರ್ಜನೆಯ ನಿಯಮ 14 ವರ್ಷ ತುಂಬಿದವರಿಗೆ. ಉಪವಾಸದ ನಿಯಮ 18 ತುಂಬಿದವರಿಂದ 59 ತುಂಬುವವರೆಗೆ. ಕಾಯಿಲೆಯವರಿಗೆ, ಗರ್ಭಿಣಿಯರಿಗೆ ವಿನಾಯಿತಿಯಿದೆ. ಅಂದರೆ ನಾವು ಪಾಠ ಮಾಡುವ ಪ್ರಾಥಮಿಕ, ಪ್ರೌಢ ಶಾಲೆಯ ಮಕ್ಕಳಲ್ಲಿ ಯಾರೂ ಉಪವಾಸ ಮಾಡಬೇಕೆಂದು ಚರ್ಚು ಹೇಳುವುದಿಲ್ಲ. ಚಿಕ್ಕವರಿಗೆ ತಪಸ್ಸಿನ ಅರ್ಥವನ್ನು ತಿಳಿಸುವುದಷ್ಟೇ ತಂದೆ ತಾಯಿ ಮತ್ತು ಗುರುಗಳ ಹೊಣೆ ಎಂದು ಅದೇ ಸಂಹಿತೆ ಹೇಳುತ್ತದೆ.

ಮನೆಗಳ ರೂಢಿ ನಿಯಮಕ್ಕಿಂತ ಹೆಚ್ಚು ಕಟ್ಟುನಿಟ್ಟು. ನಮ್ಮ ಅಜ್ಜಿ ನಲವತ್ತು ದಿನವೂ ಮಾಂಸ ಮುಟ್ಟುತ್ತಿರಲಿಲ್ಲ, ಶುಕ್ರವಾರ ಮೀನೂ ಇಲ್ಲ. ಅಂದು ಮಧ್ಯಾಹ್ನ ಕುಚ್ಚಲಕ್ಕಿ ಗಂಜಿ, ಚಟ್ನಿ, ಉಪ್ಪಿನಕಾಯಿ. ಆ ಕಾಲಕ್ಕೆ ಎಳೆಯ ಹಲಸು ಸಿಗುವುದರಿಂದ ಗುಜ್ಜೆಯ ಪಲ್ಯ, ಕಡಲೆ, ಬಸಳೆ ಹೆಚ್ಚು ಬಳಕೆಯಾಗುತ್ತವೆ. ಮೈಸೂರು ಕಡೆಯ ನನ್ನ ಸಹಪಾಠಿಯ ಮನೆಯಲ್ಲಿ ಮುದ್ದೆ, ಸೊಪ್ಪಿನ ಸಾರು.

ಇಲ್ಲಿ ಒಂದು ಪ್ರಶ್ನೆಯನ್ನು ನಾವೇ ಕೇಳಿಕೊಳ್ಳಬೇಕಾಗುತ್ತದೆ. ಕರಾವಳಿಯಲ್ಲಿ ಅಂಜಲ್ ಮೀನಿನ ಬೆಲೆ ಕೋಳಿಗಿಂತ ಎಷ್ಟೋ ಹೆಚ್ಚು. ಶುಕ್ರವಾರ ಕೋಳಿ ಬಿಟ್ಟು ಅಂಜಲ್ ಹುರಿದು ತಿಂದರೆ ನಿಯಮ ಪಾಲನೆಯಾಯಿತು, ತ್ಯಾಗವಾಗಲಿಲ್ಲ. ಇನ್ನೊಂದು ಕಡೆ, ತಿಂಗಳಿಗೊಮ್ಮೆಯೂ ಮಾಂಸ ಕೊಳ್ಳಲಾಗದ ಕೂಲಿಯವರ ಮನೆಗೆ ಮಾಂಸ ಬಿಡುವ ನಿಯಮ ಏನನ್ನೂ ಹೇಳುವುದಿಲ್ಲ. ಆದ್ದರಿಂದಲೇ ಈಚಿನ ವರ್ಷಗಳಲ್ಲಿ ಹಲವು ಮನೆಗಳು ‘ಏನು ತಿನ್ನಬಾರದು’ ಎಂಬುದರ ಜತೆಗೆ ‘ಯಾವುದು ನನ್ನನ್ನು ಹಿಡಿದಿಟ್ಟಿದೆ’ ಎಂದೂ ಕೇಳಿಕೊಳ್ಳುತ್ತಿವೆ. ಮಕ್ಕಳು ಐಸ್‌ಕ್ರೀಂ, ಚಾಕಲೇಟ್ ಬಿಡುತ್ತಾರೆ. ಯುವಕರು ರಾತ್ರಿಯ ಮೊಬೈಲ್ ಬಿಡುತ್ತಾರೆ. ನನ್ನ ತಾಯಿ ಚಹಾಕ್ಕೆ ಸಕ್ಕರೆ ಬಿಡುತ್ತಾರೆ.

ಸಂಜೆಯ ಪ್ರಾರ್ಥನೆ ಮತ್ತು ಉಳಿತಾಯದ ಡಬ್ಬಿ

ಸಂಜೆಯ ಜಪಸರ ಪ್ರಾರ್ಥನೆ ನಮ್ಮ ಮನೆಗಳಲ್ಲಿ ವರ್ಷವಿಡೀ ಇದೆ. ತಪಸ್ಸುಕಾಲದಲ್ಲಿ ಇದಕ್ಕೆ ಶಿಲುಬೆಯ ಹಾದಿ ಸೇರುತ್ತದೆ. ಯೇಸುವಿಗೆ ಮರಣದಂಡನೆ ವಿಧಿಸಿದ ಕ್ಷಣದಿಂದ ಸಮಾಧಿಯವರೆಗಿನ ಹದಿನಾಲ್ಕು ಘಟ್ಟಗಳನ್ನು ಒಂದೊಂದಾಗಿ ಧ್ಯಾನಿಸುವ ಪ್ರಾರ್ಥನೆ ಇದು. ಶುಕ್ರವಾರ ಚರ್ಚಿನಲ್ಲಿ ನಡೆಯುತ್ತದೆ. ಹೋಗಲಾಗದ ಮುದುಕರು, ರೋಗಿಗಳು ಮನೆಯಲ್ಲೇ ಮಾಡುತ್ತಾರೆ. ಮದುವೆ, ಗೃಹಪ್ರವೇಶದಂಥ ಸಂಭ್ರಮಗಳನ್ನು ಸಾಧ್ಯವಾದಷ್ಟೂ ಈಸ್ಟರ್ ನಂತರಕ್ಕೆ ಇಟ್ಟುಕೊಳ್ಳುವುದು ಹಳೆಯ ವಾಡಿಕೆ.

ಮೂರನೆಯದು ದಾನ. ಬಿಟ್ಟ ತಿಂಡಿಯ ಹಣ ಜೇಬಿನಲ್ಲೇ ಉಳಿದರೆ ಅದು ಬರಿಯ ಉಳಿತಾಯ. ಆದ್ದರಿಂದ ಹಲವು ಮನೆಗಳಲ್ಲಿ ಪೀಠದ ಬಳಿ ಒಂದು ಡಬ್ಬಿ ಇಡುತ್ತಾರೆ. ತಿನ್ನದ ಐಸ್‌ಕ್ರೀಮಿನ ಹತ್ತು ರೂಪಾಯಿ ಅದಕ್ಕೆ ಬೀಳುತ್ತದೆ. ಈಸ್ಟರ್ ಹೊತ್ತಿಗೆ ಅದನ್ನು ಚರ್ಚಿಗೆ ಒಪ್ಪಿಸುತ್ತಾರೆ, ಇಲ್ಲವೇ ನೆರೆಯ ರೋಗಿಯೊಬ್ಬರ ಔಷಧಕ್ಕೆ ಕೊಡುತ್ತಾರೆ. ಭಾರತದ ಕ್ಯಾಥೊಲಿಕ್ ಚರ್ಚಿನ ಸೇವಾಸಂಸ್ಥೆಯಾದ ಕಾರಿತಾಸ್ ಇಂಡಿಯಾ ಕೂಡ ಈ ಕಾಲದಲ್ಲಿ ಹಸಿವು ಮತ್ತು ರೋಗದ ವಿರುದ್ಧ ನಿಧಿ ಸಂಗ್ರಹದ ಅಭಿಯಾನ ನಡೆಸುತ್ತದೆ. ಹೀಗೆ ಉಪವಾಸ, ಪ್ರಾರ್ಥನೆ, ದಾನ ಮೂರೂ ಒಂದಕ್ಕೊಂದು ಹೊಂದಿಕೊಂಡಿವೆ.

ಮನೆಯೊಳಗಿನ ಇನ್ನೊಂದು ಬದಲಾವಣೆ

ನಮ್ಮ ಕಡೆ ಹಲವು ಗಂಡಸರು ಈ ನಲವತ್ತು ದಿನ ಕುಡಿತ ಬಿಡುತ್ತಾರೆ. ಹೆಂಗಸರು ತಪಸ್ಸುಕಾಲವನ್ನು ಎದುರು ನೋಡುವುದಕ್ಕೆ ಇದೂ ಒಂದು ಕಾರಣವೆಂದು ಹೇಳಿದರೆ ತಪ್ಪಾಗಲಾರದು. ಸಂಜೆ ತಂದೆ ಹೊತ್ತಿಗೆ ಸರಿಯಾಗಿ ಮನೆಗೆ ಬರುತ್ತಾರೆ, ಊಟ ಎಲ್ಲರೂ ಒಟ್ಟಿಗೆ ಮಾಡುತ್ತಾರೆ, ರಾತ್ರಿ ಮನೆ ಶಾಂತವಾಗಿರುತ್ತದೆ. ಈಸ್ಟರ್ ಮುಗಿದ ಮೇಲೆ ಕೆಲವರು ಮತ್ತೆ ಆರಂಭಿಸುತ್ತಾರೆ, ಕೆಲವರು ಅಲ್ಲಿಗೇ ಬಿಡುತ್ತಾರೆ. ಈ ವ್ಯತ್ಯಾಸ ಮಕ್ಕಳ ಮೇಲೆ ನೇರವಾಗಿ ಪರಿಣಾಮ ಬೀರುತ್ತದೆ. ಮನೆಗೆಲಸ ಬರೆಯದ ಹುಡುಗನೊಬ್ಬ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ತಪ್ಪದೆ ಬರೆದು ತಂದು, ಆಮೇಲೆ ಮತ್ತೆ ನಿಲ್ಲಿಸಿದರೆ ಅದನ್ನು ಸೋಮಾರಿತನವೆಂದು ತೀರ್ಮಾನಿಸುವ ಮೊದಲು ಮನೆಯ ಸ್ಥಿತಿಯನ್ನು ಯೋಚಿಸಬೇಕು. ಮಗುವನ್ನು ಈ ಬಗ್ಗೆ ತರಗತಿಯಲ್ಲಿ ಕೇಳುವುದಂತೂ ಸಲ್ಲದು.

ಪವಿತ್ರ ವಾರ

ಗರಿಗಳ ಭಾನುವಾರದಿಂದ ಕೊನೆಯ ವಾರ ಆರಂಭ. ಗುರುವಾರ ಸಂಜೆ ಯೇಸುವಿನ ಕೊನೆಯ ಭೋಜನದ ನೆನಪು. ಧರ್ಮಗುರುಗಳು ಹನ್ನೆರಡು ಜನರ ಪಾದ ತೊಳೆಯುತ್ತಾರೆ. ಸಿರೋ ಮಲಬಾರ್ ಮನೆಗಳಲ್ಲಿ ಆ ರಾತ್ರಿ ಅಕ್ಕಿ ಮತ್ತು ಉದ್ದಿನ ಹಿಟ್ಟಿನಿಂದ, ಹುಳಿ ಬರಿಸದೆ ಮಾಡಿದ ಪೆಸಹಾ ಅಪ್ಪವನ್ನು ಮನೆಯ ಹಿರಿಯರು ಮುರಿದು, ಬೆಲ್ಲ ಹಾಕಿದ ತೆಂಗಿನ ಹಾಲಿನೊಂದಿಗೆ ಎಲ್ಲರಿಗೂ ಹಂಚುತ್ತಾರೆ. ಶುಭ ಶುಕ್ರವಾರ ಬಲಿಪೂಜೆ ಇರುವುದಿಲ್ಲ. ಗುರುವಾರದ ಪೂಜೆಯಲ್ಲಿ ನಿಂತ ಗಂಟೆ ಶನಿವಾರ ರಾತ್ರಿಯ ಜಾಗರಣೆಯವರೆಗೂ ಬಾರಿಸುವುದಿಲ್ಲ. ಅದರ ಬದಲು ಮರದ ವಾದ್ಯದ ಶಬ್ದ. ಮನೆಯಲ್ಲಿ ಟಿವಿ ಹಾಕುವುದಿಲ್ಲ, ಜೋರಾಗಿ ಮಾತಾಡುವುದಿಲ್ಲ. ಶನಿವಾರ ರಾತ್ರಿ ಹೊಸ ಬೆಂಕಿಯಿಂದ ದೊಡ್ಡ ಮೇಣದಬತ್ತಿ ಹೊತ್ತಿಸಿ, ಅದರಿಂದ ಎಲ್ಲರೂ ತಮ್ಮ ಬತ್ತಿಗಳನ್ನು ಹೊತ್ತಿಸಿಕೊಳ್ಳುತ್ತಾರೆ. ಮರುದಿನ ಸಾನ್ನಾಂ, ಮಾಂಸದ ಸಾರು, ನೆಂಟರು.

ಆದ್ದರಿಂದ ಶುಭ ಶುಕ್ರವಾರದ ರಜೆಯ ಮುನ್ನಾದಿನ ಮಕ್ಕಳಿಗೆ ‘ಹ್ಯಾಪಿ ಗುಡ್ ಫ್ರೈಡೇ’ ಎಂದು ಹಾರೈಸುವುದು ಸರಿಹೊಂದದು. ಅದು ಶೋಕದ ದಿನ, ಶುಭಾಶಯ ಈಸ್ಟರ್‌ಗೆ.

ತರಗತಿಯಲ್ಲಿ ನಾವು ಏನು ಮಾಡಬಹುದು

ನನ್ನ ಅಭ್ಯಾಸ ಬೋಧನೆಯ ಶಾಲೆಯಲ್ಲಿ ಒಂದು ಶುಕ್ರವಾರ ಏಳನೇ ತರಗತಿಯ ಹುಡುಗಿಯೊಬ್ಬಳು ಬೆಳಗಿನ ಪ್ರಾರ್ಥನಾ ಸಭೆಯಲ್ಲಿ ತಲೆಸುತ್ತಿ ಕುಳಿತಳು. ವಿಚಾರಿಸಿದಾಗ ಹಿಂದಿನ ರಾತ್ರಿಯಿಂದ ಏನೂ ತಿಂದಿರಲಿಲ್ಲ. ಅಜ್ಜಿ ಉಪವಾಸವಿದ್ದಾರೆ, ತಾನೂ ಇರುತ್ತೇನೆ ಎಂದು ಹಟ ಹಿಡಿದಿದ್ದಳು. ಸಹಶಿಕ್ಷಕಿಯೊಬ್ಬರು ‘ಇದೆಲ್ಲ ಮೂಢನಂಬಿಕೆ’ ಎಂದು ಅವಳಿಗೆ ಬುದ್ಧಿ ಹೇಳಲು ಹೊರಟರು. ತರಗತಿ ಶಿಕ್ಷಕಿ ಅವರನ್ನು ತಡೆದು ನನ್ನನ್ನು ಕರೆದರು. ನಾನು ಅವಳ ಪಕ್ಕ ಕುಳಿತು, ಹದಿನೆಂಟು ತುಂಬದವರಿಗೆ ಉಪವಾಸವಿಲ್ಲವೆಂದು ಚರ್ಚೇ ಹೇಳುತ್ತದೆ, ನಿನ್ನ ವಯಸ್ಸಿನಲ್ಲಿ ನಾನು ಬಿಡುತ್ತಿದ್ದುದು ಕಿತ್ತಳೆ ಮಿಠಾಯಿ ಎಂದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, ‘ಹಾಗಾದರೆ ನಾನು ತಮ್ಮನ ಜತೆ ಜಗಳ ಬಿಡುತ್ತೇನೆ ಟೀಚರ್’ ಎಂದು ಹೇಳಿ ಹಾಲು ಕುಡಿದಳು. ಸಂಜೆ ಅವಳ ತಾಯಿಗೆ ಫೋನ್ ಮಾಡಿದಾಗ ಅವರೂ ಅದನ್ನೇ ಹೇಳಿ ಸೋತಿದ್ದರೆಂದು ತಿಳಿಯಿತು. ಮಗುವಿನ ಆರೋಗ್ಯ ಮತ್ತು ಮಗುವಿನ ನಂಬಿಕೆ, ಎರಡರಲ್ಲಿ ಒಂದನ್ನು ಕಳೆದುಕೊಳ್ಳಬೇಕಾದ ಪ್ರಸಂಗ ಅದಾಗಿರಲಿಲ್ಲ. ನಿಯಮ ತಿಳಿದಿದ್ದರೆ ಎರಡನ್ನೂ ಉಳಿಸಬಹುದು.

ಬಿಸಿಯೂಟದ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ಮೊಟ್ಟೆಗೆ ಚರ್ಚಿನ ನಿಷೇಧವಿಲ್ಲದಿದ್ದರೂ ಮನೆಯ ರೂಢಿಯಂತೆ ಮಗು ಬೇಡವೆಂದರೆ ಬಾಳೆಹಣ್ಣು ಕೊಟ್ಟರಾಯಿತು. ಎಲ್ಲರೆದುರು ಕಾರಣ ಕೇಳಬೇಕಾಗಿಲ್ಲ. ಆದರೆ ಮಗು ಊಟವನ್ನೇ ಬಿಟ್ಟರೆ ಅಂದೇ ಪೋಷಕರೊಡನೆ ಮಾತಾಡಬೇಕು.

ಪಾಠಕ್ಕೂ ಇದರಿಂದ ಸಾಮಗ್ರಿ ಸಿಗುತ್ತದೆ. ಗಣಿತದಲ್ಲಿ ಕ್ಯಾಲೆಂಡರ್ ಕೊಟ್ಟು 46ರಿಂದ 40 ಹೇಗೆ ಬಂತೆಂದು ಮಕ್ಕಳಿಂದಲೇ ಎಣಿಸಬಹುದು. ವಿಜ್ಞಾನದಲ್ಲಿ ಚಂದ್ರನ ಕಲೆಗಳನ್ನು ಬೋಧಿಸುವಾಗ ಯುಗಾದಿ, ರಂಜಾನ್, ಈಸ್ಟರ್ ಮೂರನ್ನೂ ಉದಾಹರಣೆಯಾಗಿ ಇಡಬಹುದು. ಸಮಾಜ ವಿಜ್ಞಾನದಲ್ಲಿ ‘ನಮ್ಮ ಮನೆಯಲ್ಲಿ ಯಾವಾಗ, ಏನನ್ನು ಬಿಡುತ್ತೇವೆ?’ ಎಂಬ ಒಂದೇ ಪ್ರಶ್ನೆಯನ್ನು ಇಡೀ ತರಗತಿಗೆ ಕೇಳಬಹುದು. ಶ್ರಾವಣದ ಸೋಮವಾರ, ಏಕಾದಶಿ, ರೋಜಾ, ಜೈನರ ಪರ್ಯುಷಣ, ತಪಸ್ಸುಕಾಲ ಎಲ್ಲವೂ ಹಲಗೆಯ ಮೇಲೆ ಬರುತ್ತವೆ. ಏನೂ ಆಚರಿಸದ ಮನೆಯ ಮಗುವಿಗೆ ಹಾಗೆಂದು ಹೇಳುವ ಸ್ವಾತಂತ್ರ್ಯವಿರಲಿ. ಒಬ್ಬ ಮಗುವನ್ನೇ ನಿಲ್ಲಿಸಿ ‘ನಿಮ್ಮವರದ್ದು ಹೇಳು’ ಎನ್ನುವುದಕ್ಕಿಂತ ಎಲ್ಲರಿಗೂ ಒಂದೇ ಪ್ರಶ್ನೆ ಹಾಕುವ ಈ ಕ್ರಮದಲ್ಲಿ ಯಾರೂ ತಾವು ಬೇರೆಯವರೆಂದು ಕುಗ್ಗುವುದಿಲ್ಲ. ಮುಂದಿನ ಬಾರಿ ಘಟಕ ಯೋಜನೆ ಬರೆಯುವಾಗ ಮಿತ್ರರು ಇದನ್ನು ಪ್ರಯತ್ನಿಸಿ ನೋಡಬೇಕೆಂದು ಕೋರುತ್ತೇನೆ.