ಮಾದಕ ಪದಾರ್ಥಗಳೂ ಜ್ಞಾಪಕಶಕ್ತಿಯೂ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯೊಬ್ಬರು ಕೆಲವು ವರ್ಷಗಳ ಹಿಂದೆ ಸೊರಬದ ಕಡೆಯ ತಮ್ಮ ಊರಿನಿಂದ ಹದಿನೇಳು ವಯಸ್ಸಿನ ಮಗನನ್ನು ಕರೆದುಕೊಂಡು ನಮ್ಮಲ್ಲಿಗೆ ಬಂದಿದ್ದರು. “ಅಕ್ಕೋರೇ, ಇವನಿಗೆ ಓದಿದ್ದು ತಲೆಯಲ್ಲಿ ನಿಲ್ಲುವುದಿಲ್ಲ, ನೀವೇ ಒಮ್ಮೆ ನೋಡಿರಿ” ಎಂಬುದು ಅವರ ಬಿನ್ನಹ. ನಾವು ಹುಡುಗನಿಂದ ಹತ್ತೊಂಬತ್ತರ ಮಗ್ಗಿಯನ್ನು ಹೇಳಿಸಿದೆವು, ತಡವರಿಸದೆ ಹೇಳಿದನು. ಚಿಕ್ಕಂದಿನಲ್ಲಿ ಕಲಿತ ಪದ್ಯವನ್ನೂ ಒಪ್ಪಿಸಿದನು. ಆಮೇಲೆ ಪಠ್ಯಪುಸ್ತಕದ ಒಂದು ಪುಟವನ್ನು ಓದಿಸಿ, ಕಾಲುಗಂಟೆ ಬೇರೆ ಮಾತನಾಡಿ, ಓದಿದ್ದೇನೆಂದು ಕೇಳಿದರೆ ಎರಡು ವಾಕ್ಯಗಳೂ ಹೊರಡಲಿಲ್ಲ. “ಓದುವಾಗ ತಿಳಿಯುತ್ತದೆ, ಪುಟ ತಿರುವಿದರೆ ಹೋಗುತ್ತದೆ” ಎಂದನು. ಹಳೆಯದನ್ನು ಇಷ್ಟು ಚೆನ್ನಾಗಿ ಬಲ್ಲವನಿಗೆ ಹೊಸದು ಬಾರದಿರುವುದು ಉದಾಸೀನವಲ್ಲದೆ ಮತ್ತೇನೆಂದು ತೀರ್ಮಾನಿಸಿ, ಓದು ಬಿಡಿಸಿ ತೋಟದ ಕೆಲಸಕ್ಕೆ ಹಚ್ಚಿರೆಂದು ತಾಯಿಗೆ ಹೇಳಿ ಕಳುಹಿಸಿದೆವು. ಅವನು ಒಂದೂವರೆ ವರ್ಷದಿಂದ ಗಾಂಜಾ ಸೇದುತ್ತಿದ್ದನೆಂಬುದು ತರುವಾಯ ತಿಳಿದುಬಂತು. ನಮ್ಮ ತೀರ್ಪು ತಪ್ಪಾಗಿತ್ತು. ಅಂಥ ತಪ್ಪು ಮತ್ತೊಬ್ಬರಿಂದ ಆಗದಿರಲೆಂದೇ ಈ ಲೇಖನವನ್ನು ಬರೆಯುತ್ತಿದ್ದೇವೆ.

ಇದು ದೂರದ ಪಟ್ಟಣಗಳ ಪೀಡೆಯೆಂದು ಯಾರೂ ತಿಳಿಯಬಾರದು. ಶಿಕಾರಿಪುರ, ಸೊರಬ ತಾಲ್ಲೂಕುಗಳಲ್ಲಿ ಮೆಕ್ಕೆಜೋಳದ ಸಾಲುಗಳ ನಡುವೆ ಮರೆಮಾಡಿ ಬೆಳೆದ ಗಾಂಜಾ ಗಿಡಗಳನ್ನು ಪೊಲೀಸರು ಕಿತ್ತ ವರ್ತಮಾನಗಳನ್ನು ನಾವು ಪತ್ರಿಕೆಗಳಲ್ಲಿ ಓದಿದ್ದೇವೆ. ಹುಡುಗರು ಇದನ್ನು ‘ಸೊಪ್ಪು’ ಎಂದು ಕರೆಯುವರು. ತಾಯಂದಿರ ಕಿವಿಗೆ ಬಿದ್ದರೂ ಅದು ಅಡಿಗೆಯ ಮಾತೆಂದೇ ತೋರುವುದು!

ಮೆದುಳಿನ ಒಳಗೆ, ಎರಡು ಕಿವಿಗಳ ನೇರಕ್ಕೆ, ಕಡಲ್ಗುದುರೆಯ ಆಕೃತಿಯ ಒಂದೊಂದು ಭಾಗವುಂಟು. ಹಿಪ್ಪೊಕ್ಯಾಂಪಸ್ ಎಂದು ಅದರ ಹೆಸರು. ಇಂದು ಓದಿದ್ದನ್ನು ನಾಳೆಗೆ ಉಳಿಯುವಂತೆ ಬರೆದಿಡುವ ಕರಣಿಕನು ಇದೇ. ಬಹುಕಾಲದಿಂದ ಗಟ್ಟಿಯಾದ ನೆನಪುಗಳು ಮೆದುಳಿನ ಮೇಲ್ಪದರದಲ್ಲಿ ಹರಡಿ ನೆಲೆಸಿರುವುದರಿಂದ ಅವುಗಳಿಗೆ ಇದರ ಆಸರೆ ಅಷ್ಟಾಗಿ ಬೇಕಿಲ್ಲ. ಕರಣಿಕನ ಕೈ ಕಟ್ಟಿದರೆ ಹಳೆಯ ಕಡತಗಳು ಸುಟ್ಟುಹೋಗುವುದಿಲ್ಲ. ಹೊಸ ಬರಹ ಮಾತ್ರ ನಿಲ್ಲುವುದು. ಮಗ್ಗಿ ಉಳಿದು ಪಾಠ ಉಳಿಯದಿದ್ದುದು ಹೀಗೆ.

ಗಾಂಜಾದ ಅಮಲಿಗೆ ಕಾರಣವಾದ ಟಿ.ಎಚ್.ಸಿ. ಎಂಬ ದ್ರವ್ಯವನ್ನು 1964ರಲ್ಲಿ ಇಸ್ರೇಲಿನ ರಫಾಯೆಲ್ ಮೆಷೂಲಮ್ ಮತ್ತು ಅವರ ಸಹೋದ್ಯೋಗಿಯು ಬೇರ್ಪಡಿಸಿದರು. ಅಂಥದೇ ಕೆಲಸಮಾಡುವ ವಸ್ತುವೊಂದನ್ನು ನಮ್ಮ ಮೆದುಳು ತಾನೇ ತಯಾರಿಸುವುದೆಂದು 1992ರಲ್ಲಿ ಅವರ ಪ್ರಯೋಗಶಾಲೆಯಲ್ಲಿಯೇ ಕಂಡುಬಂತು. ಅದಕ್ಕೆ ಸಂಸ್ಕೃತದ ಆನಂದ ಶಬ್ದದಿಂದಲೇ ಆನಂದಮೈಡ್ ಎಂದು ಹೆಸರಿಟ್ಟರು. ಮೆದುಳು ಇದನ್ನು ಬೇಕಾದ ಸ್ಥಳದಲ್ಲಿ, ಬೇಕಾದ ಗಳಿಗೆಯಲ್ಲಿ, ಎಳ್ಳಷ್ಟೇ ಉತ್ಪತ್ತಿಮಾಡಿ ಕೂಡಲೇ ಕರಗಿಸಿಬಿಡುವುದು. ಗಾಂಜಾ ಸೇದಿದಾಗಲಾದರೋ ಚಿಟಿಕೆ ಉಪ್ಪು ಹಾಕತಕ್ಕ ಸಾರಿಗೆ ಸೇರು ಉಪ್ಪು ಸುರಿದಂತಾಗುವುದು. ಹಿಪ್ಪೊಕ್ಯಾಂಪಸ್ಸಿನಲ್ಲಿ ಇದು ತಾಗುವ ನೆಲೆಗಳು ಬಹಳ. ಮೇಲಾಗಿ ಟಿ.ಎಚ್.ಸಿ. ಕೊಬ್ಬಿನಲ್ಲಿ ಸೇರಿಕೊಳ್ಳುವುದರಿಂದ, ದಿನವೂ ಸೇದುವವರ ಶರೀರದಲ್ಲಿ ಅಮಲು ಇಳಿದ ಬಳಿಕವೂ ಎಷ್ಟೋ ದಿನ ಉಳಿಯುವುದು.

ನ್ಯೂಜಿಲೆಂಡಿನ ಡನೀಡಿನ್ ಪಟ್ಟಣದಲ್ಲಿ 1972-73ರಲ್ಲಿ ಹುಟ್ಟಿದ ಸಾವಿರಕ್ಕೆ ಮಿಕ್ಕ ಮಕ್ಕಳನ್ನು 38ನೆಯ ವಯಸ್ಸಿನವರೆಗೂ ಪರೀಕ್ಷಿಸುತ್ತ ಬಂದವರು, ಹದಿಹರೆಯದಲ್ಲಿ ತೊಡಗಿ ಬಹುಕಾಲ ಬಿಡದೆ ಸೇದಿದವರ ಬುದ್ಧ್ಯಂಕವು ಸುಮಾರು 8 ಅಂಕಗಳಷ್ಟು ಇಳಿದಿತ್ತೆಂದು 2012ರಲ್ಲಿ ಪ್ರಕಟಿಸಿದರು. ಆದರೆ 2016ರಲ್ಲಿ ಅವಳಿ ಮಕ್ಕಳನ್ನು ಹೋಲಿಸಿ ನೋಡಿದವರಿಗೆ, ಸೇದಿದವನಿಗೂ ಸೇದದ ಒಡಹುಟ್ಟಿಗೂ ಅಂಥ ಭೇದ ಕಾಣಲಿಲ್ಲ. ಮನೆಯ ಪರಿಸ್ಥಿತಿಯೂ ಕಾರಣವಾಗಿರಬಹುದೆಂದು ಅವರು ತಿಳಿದರು. ಇದನ್ನು ಮುಚ್ಚಿಟ್ಟು ಮಕ್ಕಳನ್ನು ಹೆದರಿಸುವುದು ನಮಗೆ ಒಪ್ಪಿಗೆಯಲ್ಲ. ಅವರು ನಿಜವನ್ನು ಬೇರೆ ಕಡೆಯಲ್ಲಿ ಓದಿಕೊಂಡು ನಮ್ಮ ಉಳಿದ ಮಾತನ್ನೂ ತಳ್ಳಿಹಾಕುವರು. ಸೇದುತ್ತಿರುವಷ್ಟು ಕಾಲ ಹೊಸ ಪಾಠ ನಿಲ್ಲುವುದು ಕಷ್ಟವೆಂಬುದರಲ್ಲಿ ಮಾತ್ರ ವಿವಾದವಿಲ್ಲ. ಆ ಕಾಲವೇ ಹತ್ತನೆಯ ತರಗತಿಯ, ಪಿ.ಯು.ಸಿ.ಯ ಕಾಲವಾದರೆ ಗತಿಯೇನು?

ಮದ್ಯದ ವಿಷಯ ಎಲ್ಲರೂ ಬಲ್ಲರು. ಗುಟ್ಕಾ ಮಾರಾಟವನ್ನು ನಮ್ಮ ರಾಜ್ಯದಲ್ಲಿ 2013ರಲ್ಲಿಯೇ ನಿಷೇಧಿಸಿದ್ದರೂ, ಅಡಿಕೆಯ ಪೊಟ್ಟಣವೊಂದು, ತಂಬಾಕಿನದೊಂದು ಕೊಂಡು ಬೆರೆಸಿಕೊಳ್ಳುವವರಿಗೆ ತಡೆಯೇನಿದೆ? ತಂಬಾಕಿನ ನಿಕೋಟಿನಿನ ಚಟ ಹತ್ತಿದ ಹುಡುಗನು ಪಾಠದ ಮಧ್ಯದಲ್ಲಿ ಮುಂದಿನ ಪೊಟ್ಟಣವನ್ನೇ ಧ್ಯಾನಿಸುವನು. ಅಡಿಕೆಯಿಂದಲೇ ಜೀವನ ನಡೆಸುವ ಮನೆಗಳ ಮುಂದೆ ಇದನ್ನು ಹೇಳಲು ನಮಗೂ ಸಂಕೋಚವೇ.

ಇನ್ನು ಸಮಾಧಾನದ ಮಾತು. ಅಮೆರಿಕದ ಬಾಸ್ಟನ್ ನಗರದಲ್ಲಿ ಗಾಂಜಾ ಸೇದುತ್ತಿದ್ದ 16ರಿಂದ 25 ವಯಸ್ಸಿನ 88 ಮಂದಿಯನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ವರದಿಯಂತೆ, ಒಂದು ತಿಂಗಳು ಬಿಟ್ಟವರಿಗೆ ಹೊಸ ಪದಗಳನ್ನು ಕಲಿಯುವ ಶಕ್ತಿ ಹೆಚ್ಚಿತು. ಅದರಲ್ಲಿ ಬಹುಪಾಲು ಮೊದಲ ವಾರದಲ್ಲಿಯೇ ಮರಳಿತು. ಆದರೆ ಅದೇ ವಾರದಲ್ಲಿ ನಿದ್ರೆ ಬಾರದು, ಅನ್ನ ಸೇರದು, ಸಿಡುಕು ಹೆಚ್ಚುವುದು. ತಂದೆತಾಯಿಗಳು ಇದನ್ನು ಮೊಂಡತನವೆಂದೆಣಿಸಿ ಬೈದರೆ ಹುಡುಗನು ಹಿಂದಕ್ಕೆ ಹೋಗುವನು. ಸರಕಾರದ ಟೆಲಿ-ಮಾನಸ್ ಸಂಖ್ಯೆ 14416ಕ್ಕೆ ಕರೆಮಾಡಿದರೆ ಕನ್ನಡದಲ್ಲಿಯೇ ಸಲಹೆ ದೊರೆಯುವುದು. ಪೊಲೀಸರ ಭಯದಿಂದ ಮುಚ್ಚಿಡುವವರು ಬಹಳ. 1985ರ ಮಾದಕ ವಸ್ತುಗಳ ಕಾನೂನಿನ 64-ಎ ಕಲಮಿನ ಪ್ರಕಾರ, ಸೇವನೆಯ ಆಪಾದನೆಗೆ ಒಳಗಾದ ವ್ಯಸನಿಯು ತಾನಾಗಿ ಅಂಗೀಕೃತ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದರೆ ಮೊಕದ್ದಮೆಯಿಂದ ವಿನಾಯಿತಿಯುಂಟು.

ನಮ್ಮ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕೋಡಿಯ ಮಠವನ್ನು ವರ್ಣಿಸುವ 1162ರ ಶಾಸನವು ಅಲ್ಲಿ ವೇದ, ವ್ಯಾಕರಣ, ದರ್ಶನಗಳನ್ನು ಕಲಿಸುತ್ತಿದ್ದುದನ್ನು ಹೇಳುವಾಗಲೇ, ದೀನರಿಗೆ ಅನ್ನವನ್ನೂ ರೋಗಿಗಳಿಗೆ ಔಷಧವನ್ನೂ ಕೊಡುತ್ತಿದ್ದುದನ್ನು ಹೇಳುವುದು. ಪಾಠ ಬಾರದವನನ್ನು ಹೊರಗೆ ಕಳುಹಿಸಿದ ನಮಗೆ ಅದನ್ನು ಓದಿದಾಗ ನಾಚಿಕೆಯಾಯಿತು.

ಆ ತಾಯಿಯು ಮಗನಿಗೆ ಚಿಕಿತ್ಸೆ ಮಾಡಿಸಿ, ಎರಡು ವರ್ಷಗಳ ತರುವಾಯ ಮತ್ತೆ ಕರೆತಂದರು. ನಾವು ಅದೇ ಪುಸ್ತಕವನ್ನು ತೆಗೆದು, ಬೇರೊಂದು ಪುಟವನ್ನು ಓದಿಸಿ, ಕಾಲುಗಂಟೆ ಬಿಟ್ಟು ಕೇಳಿದೆವು. ಅರ್ಧಕ್ಕಿಂತ ಹೆಚ್ಚು ಹೇಳಿದನು. ಉಳಿದುದಕ್ಕೆ ಪುಸ್ತಕವನ್ನು ಕೇಳಿ ತೆಗೆದುಕೊಂಡನು.