ದಿನಬಳಕೆಯ ಕಾರಿಗೆ ತಕ್ಕ ಟೈರು ಯಾವುದು?

ಚಲಿಸುತ್ತಿರುವ ಕಾರಿಗೂ ನೆಲಕ್ಕೂ ಇರುವ ಸಂಬಂಧವೆಲ್ಲವೂ ನಾಲ್ಕು ಟೈರುಗಳ ಮೂಲಕವೇ ಏರ್ಪಡುತ್ತದೆ. ಪ್ರತಿಯೊಂದು ಟೈರು ಯಾವುದೇ ಒಂದು ಕ್ಷಣದಲ್ಲಿ ರಸ್ತೆಯನ್ನು ಮುಟ್ಟುವ ಭಾಗವು ಸುಮಾರು ಒಂದು ಅಂಗೈಯಷ್ಟು ಮಾತ್ರ. ಬ್ರೇಕು ಎಷ್ಟೇ ಉತ್ತಮವಾಗಿರಲಿ, ಅದರ ಬಲವು ನೆಲಕ್ಕೆ ತಲುಪಬೇಕಾದುದು ಈ ಅಲ್ಪ ಜಾಗದಿಂದಲೇ. ಹೀಗಿದ್ದರೂ ಹಳೆಯ ಟೈರು ಬದಲಿಸುವ ಸಂದರ್ಭದಲ್ಲಿ ಅನೇಕರು ಬೆಲೆಯನ್ನೋ ಅಂಗಡಿಯವರ ಮಾತನ್ನೋ ಅವಲಂಬಿಸಿ ತೀರ್ಮಾನ ಮಾಡುತ್ತಾರೆ. ಮಾರುಕಟ್ಟೆಯಲ್ಲಿ ದೊರೆಯುವ ‘ಟೂರಿಂಗ್’ ಮತ್ತು ‘ಪರ್ಫಾರ್ಮೆನ್ಸ್’ ಎಂಬ ಎರಡು ಬಗೆಯ ಟೈರುಗಳ ಪೈಕಿ ದಿನಬಳಕೆಗೆ ಯಾವುದು ತಕ್ಕುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಎರಡು ಬಗೆಗಳು

ಟೂರಿಂಗ್ ಟೈರನ್ನು ದೀರ್ಘ ಬಾಳಿಕೆ ಹಾಗೂ ಸುಖಪ್ರಯಾಣವನ್ನು ಗಮನದಲ್ಲಿರಿಸಿ ರೂಪಿಸಲಾಗುತ್ತದೆ. ಇದರ ರಬ್ಬರು ಹೋಲಿಕೆಯಲ್ಲಿ ಗಡಸು. ಆದಕಾರಣ ನಿಧಾನವಾಗಿ ಸವೆಯುತ್ತದೆ. ಪಕ್ಕದ ಮೈ ಎತ್ತರವಾಗಿದ್ದು, ರಸ್ತೆಯ ಏರುತಗ್ಗುಗಳ ಹೊಡೆತವನ್ನು ತಾನೇ ಬಾಗಿ ತಡೆದುಕೊಳ್ಳುತ್ತದೆ. ಸದ್ದೂ ಕಡಿಮೆ.

ಪರ್ಫಾರ್ಮೆನ್ಸ್ ಟೈರಿನ ರಬ್ಬರು ಮೃದು. ಅದು ನೆಲವನ್ನು ಬಿಗಿಯಾಗಿ ಹಿಡಿಯುವುದರಿಂದ ವೇಗವಾಗಿ ತಿರುವು ತೆಗೆದುಕೊಳ್ಳುವಾಗಲೂ ಥಟ್ಟನೆ ಬ್ರೇಕು ಹಾಕುವಾಗಲೂ ವಾಹನವು ಚಾಲಕನ ಹತೋಟಿಯಲ್ಲಿ ಉಳಿಯುತ್ತದೆ. ಪಕ್ಕದ ಮೈ ಗಿಡ್ಡವೂ ಬಿರುಸೂ ಆಗಿರುವುದರಿಂದ ಸ್ಟೀರಿಂಗಿನ ಸಣ್ಣ ಚಲನೆಗೂ ಕಾರು ಕೂಡಲೇ ಸ್ಪಂದಿಸುತ್ತದೆ. ಈ ಗುಣಗಳಿಗೆ ಪ್ರತಿಯಾಗಿ ಬಾಳಿಕೆ ಕಡಿಮೆ, ಬೆಲೆ ಹೆಚ್ಚು, ಗುಂಡಿಗಳ ಏಟಿಗೆ ರಕ್ಷಣೆಯೂ ಕಡಿಮೆ.

ಅಕ್ಷರ ಮತ್ತು ಅಂಕಿಗಳ ಅರ್ಥ

ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಬರಹವನ್ನು ಓದಬಲ್ಲ ಗ್ರಾಹಕನು ಸುಲಭವಾಗಿ ಮೋಸಹೋಗಲಾರನು. ಉದಾಹರಣೆಗೆ ‘185/65 ಆರ್ 15 88 ಎಚ್’ ಎಂಬುದನ್ನು ತೆಗೆದುಕೊಳ್ಳೋಣ. 185 ಎಂಬುದು ಮಿಲಿಮೀಟರುಗಳಲ್ಲಿ ಟೈರಿನ ಅಗಲ. 65 ಎಂದರೆ ಪಕ್ಕದ ಮೈಯ ಎತ್ತರವು ಆ ಅಗಲದ ಶೇಕಡಾ 65ರಷ್ಟು. ‘ಆರ್’ ಎಂಬುದು ರೇಡಿಯಲ್ ರಚನೆಯನ್ನೂ, 15 ಎಂಬುದು ಅಂಗುಲಗಳಲ್ಲಿ ರಿಮ್ಮಿನ ವ್ಯಾಸವನ್ನೂ ಸೂಚಿಸುತ್ತವೆ. 88 ಎಂಬ ಭಾರಸೂಚಿಯ ಪ್ರಕಾರ ಒಂದು ಟೈರು 560 ಕಿಲೋಗ್ರಾಂ ಹೊರಬಲ್ಲದು. ಕೊನೆಯ ಅಕ್ಷರ ವೇಗಸೂಚಿ: ‘ಎಸ್’ಗೆ ಗಂಟೆಗೆ 180 ಕಿ.ಮೀ., ‘ಟಿ’ಗೆ 190, ‘ಎಚ್’ಗೆ 210, ‘ವಿ’ಗೆ 240, ‘ಡಬ್ಲ್ಯೂ’ಗೆ 270. ಪರ್ಫಾರ್ಮೆನ್ಸ್ ಟೈರುಗಳು ಸಾಮಾನ್ಯವಾಗಿ ಮೇಲಿನ ಶ್ರೇಣಿಗಳಲ್ಲಿ ಬರುತ್ತವೆ.

ನಮ್ಮ ದೇಶದಲ್ಲಿ 2018ರ ಅಧಿಸೂಚನೆಯು ಕಾರುಗಳಿಗೆ ಎಕ್ಸ್‌ಪ್ರೆಸ್ ಹೆದ್ದಾರಿಗಳಲ್ಲಿ ವಿಧಿಸಿದ ಗರಿಷ್ಠ ಮಿತಿ ಗಂಟೆಗೆ 120 ಕಿ.ಮೀ.; ನಗರಸಭೆಗಳ ವ್ಯಾಪ್ತಿಯ ರಸ್ತೆಗಳಲ್ಲಿ 70 ಕಿ.ಮೀ. ಆದುದರಿಂದ ಕೇವಲ ವೇಗದ ಸಲುವಾಗಿ ‘ವಿ’ ಅಥವಾ ‘ಡಬ್ಲ್ಯೂ’ ಶ್ರೇಣಿಗೆ ಹಣ ತೆರುವ ಅಗತ್ಯ ಬಹುಮಂದಿಗೆ ಇಲ್ಲ. ಆದರೆ ಕಾರು ತಯಾರಕರು ನಿಗದಿಪಡಿಸಿದ ಭಾರಸೂಚಿ ಮತ್ತು ವೇಗಸೂಚಿಗಿಂತ ಕೆಳಗಿನ ಟೈರನ್ನು ಎಂದಿಗೂ ಹಾಕಿಸತಕ್ಕದ್ದಲ್ಲ.

ದೊಡ್ಡ ರಿಮ್ಮಿನ ಮೋಹ

ನೋಟ ಚೆನ್ನಾಗಿರಲೆಂದು 15 ಅಂಗುಲದ ರಿಮ್ಮನ್ನು ತೆಗೆಸಿ 17 ಅಂಗುಲದ್ದನ್ನು ಹಾಕಿಸುವವರುಂಟು. ಮೇಲೆ ಹೇಳಿದ ಟೈರಿನ ಪಕ್ಕದ ಎತ್ತರ ಸುಮಾರು 120 ಮಿ.ಮೀ. ಅದರ ಬದಲಿಗೆ 205/45 ಆರ್ 17 ಟೈರನ್ನು ಹಾಕಿದರೆ ಚಕ್ರದ ಒಟ್ಟು ವ್ಯಾಸದಲ್ಲಿ ಹೆಚ್ಚಿನ ವ್ಯತ್ಯಾಸವಾಗದು. ಆದರೆ ಪಕ್ಕದ ಎತ್ತರ 92 ಮಿ.ಮೀ.ಗೆ ಇಳಿಯುತ್ತದೆ. ಗುಂಡಿಯ ಅಂಚಿಗೂ ರಿಮ್ಮಿಗೂ ನಡುವೆ ಇದ್ದ ಮೆತ್ತೆಯಲ್ಲಿ 28 ಮಿ.ಮೀ. ಕಡಿಮೆಯಾಯಿತೆಂದೇ ಅರ್ಥ. ಮಳೆಗಾಲದಲ್ಲಿ ನೀರು ತುಂಬಿ ಕಾಣದಂತಾದ ಗುಂಡಿಗೆ ಚಕ್ರ ಬಿದ್ದಾಗ ಒಳಗಿನ ನೂಲು ಹರಿದು ಪಕ್ಕದಲ್ಲಿ ಉಬ್ಬು ಕಾಣಿಸಿಕೊಳ್ಳುವುದು, ರಿಮ್ ಬಾಗುವುದು ಇಂಥ ಟೈರುಗಳಲ್ಲಿ ಹೆಚ್ಚು. ಉಬ್ಬಿದ ಟೈರನ್ನು ದುರಸ್ತಿ ಮಾಡಲಾಗದು. ಅದನ್ನು ಕೂಡಲೇ ಬದಲಿಸಬೇಕು.

ಮಳೆಯೇ ನಿಜವಾದ ಪರೀಕ್ಷೆ

ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದುಗಳಲ್ಲಿ ನಿತ್ಯ ಕಾರು ನಡೆಸುವವರಿಗೆ ಒದ್ದೆ ರಸ್ತೆಯಲ್ಲಿ ಟೈರು ನೀಡುವ ಹಿಡಿತವು ಪ್ರಾಣರಕ್ಷಣೆಯ ಪ್ರಶ್ನೆ. ವೇಗವು ಇಮ್ಮಡಿಯಾದರೆ ಬ್ರೇಕು ಹಾಕಿದ ಮೇಲೆ ಕಾರು ಸಾಗುವ ದೂರ ಸುಮಾರು ನಾಲ್ಮಡಿಯಾಗುತ್ತದೆ. ರಸ್ತೆ ಒದ್ದೆಯಾಗಿದ್ದರೆ ಆ ದೂರ ಇನ್ನೂ ಬೆಳೆಯುತ್ತದೆ. ಟ್ರೆಡ್ಡಿನ ಕಾಲುವೆಗಳು ನೀರನ್ನು ಹೊರದೂಡಲಾರದಾದಾಗ ಟೈರು ನೀರಿನ ಮೇಲೆಯೇ ತೇಲುತ್ತದೆ. ಆಗ ಬ್ರೇಕಾಗಲಿ ಸ್ಟೀರಿಂಗಾಗಲಿ ಕೆಲಸ ಮಾಡವು. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಕಾರಿನ ಟ್ರೆಡ್ಡಿನ ಆಳ 1.6 ಮಿ.ಮೀ.ಗಿಂತ ಕಡಿಮೆ ಇರಕೂಡದು. ಕಾಲುವೆಗಳ ತಳದಲ್ಲಿರುವ ಸಣ್ಣ ದಿಬ್ಬಗಳ ಮಟ್ಟಕ್ಕೆ ರಬ್ಬರು ಸವೆದರೆ ಈ ಮಿತಿ ಮುಟ್ಟಿತೆಂದು ತಿಳಿಯಬೇಕು. ಆದರೆ ಒದ್ದೆ ನೆಲದ ಹಿಡಿತವು ಅದಕ್ಕೂ ಮೊದಲೇ ಕುಗ್ಗತೊಡಗುವುದರಿಂದ, ಆಳವು 3 ಮಿ.ಮೀ.ಗೆ ಇಳಿದಾಗಲೇ, ಮಳೆಗಾಲಕ್ಕೆ ಮುಂಚಿತವಾಗಿ, ಹೊಸ ಟೈರು ಹಾಕಿಸುವುದು ವಿವೇಕ.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಹೊಸದಾಗಿದ್ದಾಗ ಪರ್ಫಾರ್ಮೆನ್ಸ್ ಟೈರಿನ ಹಿಡಿತ ಮೇಲಾಗಿರಬಹುದು. ಆದರೆ ಅದು ಬೇಗ ಸವೆಯುತ್ತದೆ. ಸವೆದ ಪರ್ಫಾರ್ಮೆನ್ಸ್ ಟೈರಿಗಿಂತ ಟ್ರೆಡ್ ಉಳಿದಿರುವ ಒಳ್ಳೆಯ ಟೂರಿಂಗ್ ಟೈರು ಮಳೆಯಲ್ಲಿ ಹೆಚ್ಚು ನಂಬಿಕೆಗೆ ಅರ್ಹ. ಒದ್ದೆ ನೆಲದ ಹಿಡಿತ, ಉರುಳುವಾಗಿನ ಪ್ರತಿರೋಧ ಮತ್ತು ಸದ್ದು ಇವುಗಳಿಗೆ ಸಂಬಂಧಿಸಿದ ಎ.ಐ.ಎಸ್. 142 ಮಾನಕವನ್ನು ಹೊಸ ವಿನ್ಯಾಸದ ಟೈರುಗಳಿಗೆ 2022ರ ಅಕ್ಟೋಬರ್ 1ರಿಂದ ಅನ್ವಯಿಸಲಾಯಿತು. ಇದಲ್ಲದೆ ಟೈರಿನ ಮೇಲೆ ಐ.ಎಸ್.ಐ. ಗುರುತು ಇದೆಯೇ ಎಂದೂ ನೋಡತಕ್ಕದ್ದು.

ಯಾರಿಗೆ ಯಾವುದು?

ಕಚೇರಿ, ಶಾಲೆ, ಮಾರುಕಟ್ಟೆಗಳಿಗೆ ಓಡಾಡುತ್ತ, ವರ್ಷಕ್ಕೆ ಒಂದೆರಡು ಬಾರಿ ಕುಟುಂಬಸಮೇತ ಊರಿಗೆ ಹೋಗಿಬರುವವರಿಗೆ ತಯಾರಕರು ಸೂಚಿಸಿದ ಅಳತೆಯ ಟೂರಿಂಗ್ ಟೈರೇ ಸೂಕ್ತ. ಬಲಶಾಲಿ ಎಂಜಿನ್ನಿನ ಕಾರುಳ್ಳವರು, ಒಳ್ಳೆಯ ಹೆದ್ದಾರಿಗಳಲ್ಲಿ ಪದೇ ಪದೇ ದೂರ ಸಂಚರಿಸುವವರು, ಬೇಗನೆ ಬದಲಿಸುವ ವೆಚ್ಚವನ್ನು ಭರಿಸಲು ಸಿದ್ಧರಿರುವವರು ಪರ್ಫಾರ್ಮೆನ್ಸ್ ಟೈರನ್ನು ಪರಿಗಣಿಸಬಹುದು. ಕಾರಿನೊಂದಿಗೆ ಅದೇ ಬಗೆ ಬಂದಿದ್ದರೆ ಅದನ್ನೇ ಮುಂದುವರಿಸುವುದು ಲೇಸು. ಒಂದೇ ಅಚ್ಚಿನ ಎರಡು ಚಕ್ರಗಳಿಗೆ ಬೇರೆ ಬೇರೆ ಬಗೆಯ ಟೈರು ಹಾಕಿಸಬಾರದು. ಎರಡನ್ನು ಮಾತ್ರ ಬದಲಿಸುವುದಾದರೆ, ಒದ್ದೆ ರಸ್ತೆಯಲ್ಲಿ ಕಾರಿನ ಹಿಂಭಾಗ ಜಾರದಂತೆ ಹೊಸ ಜೋಡಿಯನ್ನು ಹಿಂದಿನ ಚಕ್ರಗಳಿಗೆ ಹಾಕಿಸುವುದು ಕ್ಷೇಮ.

ಖರೀದಿಯ ವೇಳೆ ಮತ್ತು ಅನಂತರ

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳ ತಯಾರಿಕೆಯ ದಿನಾಂಕವಿರುತ್ತದೆ. 2324 ಎಂದಿದ್ದರೆ ಅದು 2024ರ 23ನೆಯ ವಾರದಲ್ಲಿ ತಯಾರಾದುದು. ವರ್ಷಗಟ್ಟಲೆ ದಾಸ್ತಾನಿನಲ್ಲಿದ್ದ ಟೈರನ್ನು ರಿಯಾಯಿತಿಯ ಆಸೆಗೆ ಕೊಳ್ಳಬಾರದು. ಬಳಸದಿದ್ದರೂ ರಬ್ಬರಿಗೆ ಮುಪ್ಪು ತಪ್ಪದು. ಗಾಳಿಯ ಒತ್ತಡವನ್ನು ತಿಂಗಳಿಗೊಮ್ಮೆಯಾದರೂ, ಟೈರು ತಣ್ಣಗಿರುವಾಗ, ಚಾಲಕನ ಬಾಗಿಲ ಚೌಕಟ್ಟಿನಲ್ಲಿ ಸಾಮಾನ್ಯವಾಗಿ ಅಂಟಿಸಿರುವ ಪಟ್ಟಿಯಂತೆ ಸರಿಪಡಿಸಬೇಕು. ಟೈರಿನ ಮೇಲೆಯೇ ನಮೂದಾಗಿರುವುದು ಗರಿಷ್ಠ ಒತ್ತಡ, ಅದನ್ನು ಅನುಸರಿಸಕೂಡದು. ಗಾಳಿ ಕಡಿಮೆಯಿದ್ದರೆ ಟೈರು ಅತಿಯಾಗಿ ಬಾಗಿ ಬಿಸಿಯೇರುತ್ತದೆ. ಬೇಸಗೆಯ ಹೆದ್ದಾರಿಗಳಲ್ಲಿ ಟೈರು ಸಿಡಿಯಲು ಇದೊಂದು ಮುಖ್ಯ ಕಾರಣ.

ಟೈರಿನ ಬಗೆ ಯಾವುದೇ ಆಗಿರಲಿ, ಸರಿಯಾದ ಅಳತೆ, ಸಾಕಷ್ಟು ಟ್ರೆಡ್ ಮತ್ತು ತಕ್ಕ ಗಾಳಿ ಈ ಮೂರೂ ಇದ್ದಾಗ ಮಾತ್ರ ಅದು ತನ್ನ ಕೆಲಸವನ್ನು ನಿರ್ವಹಿಸಬಲ್ಲದು. ಮುಂದಿನ ಮಳೆ ಬರುವ ಮೊದಲು ಕಾರಿನ ನಾಲ್ಕು ಟೈರುಗಳನ್ನೂ ಹೆಚ್ಚುವರಿ ಟೈರನ್ನೂ ಒಮ್ಮೆ ಪರೀಕ್ಷಿಸಲು ಹತ್ತು ನಿಮಿಷ ಸಾಕು.